ಕಟ್ಟಿದ ಮೇಲೆ ನಡೆಸಬೇಕಲ್ಲ: ಪುರಸಭೆಯ ಬಸ್ ನಿಲ್ದಾಣದ ಜಮಾ ಖರ್ಚು

ಬಸ್ ನಿಲ್ದಾಣ ಕಟ್ಟಲು ಸರ್ಕಾರದಲ್ಲಿ ಹಣವಿದೆ, ನಡೆಸಲು ಇಲ್ಲ. ಪುರಸಭೆಯ ಕಂದಾಯ ಶಾಖೆಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಕಂಡುಕೊಂಡ ಮುಖ್ಯ ಸಂಗತಿ ಇದು. ಊರುಗಳ ಕಾಮಗಾರಿಗೆ ರಾಜ್ಯ ಹಣ ಕೊಡುವ ನಗರೋತ್ಥಾನ ಯೋಜನೆಯಲ್ಲಿ ಕಾಂಕ್ರೀಟು ಹಾಸಬಹುದು, ಶಾಸಕರ ಅನುದಾನದಲ್ಲಿ ಚಾವಣಿ ಹೊದಿಸಬಹುದು, ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳಲು ಪೈಪೋಟಿಯೇ ನಡೆಯುತ್ತದೆ. ಆದರೆ ಮರುದಿನ ಬೆಳಗಿನ ಜಾವ ಶೌಚಾಲಯದ ಟ್ಯಾಂಕಿಗೆ ನೀರು ಬಿಡುವವನ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಕೇಳಿದರೆ ಸಭೆಯಲ್ಲಿ ಎಲ್ಲರೂ ಮುಂದಿನ ವಿಷಯಕ್ಕೆ ಹೋಗೋಣ ಎನ್ನುತ್ತಾರೆ.

ನನ್ನ ಉಸ್ತುವಾರಿಯಲ್ಲಿದ್ದದ್ದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಖಾಸಗಿ ಬಸ್ ನಿಲ್ದಾಣ. ಹಳೆ ಮೈಸೂರು ಕಡೆಯವರಿಗೆ ಇದು ಸ್ವಲ್ಪ ಹೊಸದೆನಿಸಬಹುದು. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಸೀಮೆಯಲ್ಲಿ ಹಳ್ಳಿಹಳ್ಳಿಗೂ ಹೋಗುತ್ತಿದ್ದದ್ದು ಬಹುಕಾಲ ಖಾಸಗಿ ಬಸ್ಸುಗಳೇ. ಕೆಎಸ್‌ಆರ್‌ಟಿಸಿಗೆ ತನ್ನದೇ ನಿಲ್ದಾಣ, ತನ್ನದೇ ಸಿಬ್ಬಂದಿ ಇರುತ್ತಾರೆ. ಖಾಸಗಿ ಬಸ್ಸಿನ ನಿಲ್ದಾಣ ಮಾತ್ರ ಪುರಸಭೆಯ ಹೆಗಲ ಮೇಲೆ.

ನಾನು ಮೊದಲು ಮಾಡಿದ ಕೆಲಸ ಒಂದು ವಹಿ ತೆರೆದದ್ದು. ಪುರಸಭೆಯ ನಿಧಿ ಒಂದೇ. ಮನೆ ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ ಎಲ್ಲವೂ ಅಲ್ಲಿಗೇ ಸೇರುತ್ತವೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಹಾಗೆ ಸೇರಿದ ಮೇಲೆ ಬಸ್ ನಿಲ್ದಾಣ ಎಷ್ಟು ದುಡಿಯಿತು, ಎಷ್ಟು ತಿಂದಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ವಸೂಲಾದ ಶುಲ್ಕ, ಮಳಿಗೆ ಬಾಡಿಗೆ, ದ್ವಿಚಕ್ರ ವಾಹನ ನಿಲುಗಡೆಯ ಗುತ್ತಿಗೆ, ಜಾಹೀರಾತು ಫಲಕದ ಹಣ ಒಂದು ಕಡೆ. ಬೆಸ್ಕಾಂ ಬಿಲ್ಲು, ಹೊರಗುತ್ತಿಗೆ ನೌಕರರ ವೇತನ, ಫಿನಾಯಿಲು, ಮೋಟಾರು ದುರಸ್ತಿ, ಸೆಪ್ಟಿಕ್ ಟ್ಯಾಂಕ್ ಸಕ್ಕಿಂಗ್ ಯಂತ್ರದ ಬಾಡಿಗೆ ಇನ್ನೊಂದು ಕಡೆ ಬರೆಯುತ್ತಾ ಹೋದೆ. ವರ್ಷದ ಕೊನೆಗೆ ಅದನ್ನು ಸಾಮಾನ್ಯ ಸಭೆಯ ಮುಂದಿಟ್ಟಾಗ ನಿಲ್ದಾಣ ನಷ್ಟದಲ್ಲಿದೆ ಎಂದು ವಾದಿಸುತ್ತಿದ್ದ ಸದಸ್ಯರೇ ಬೆರಗಾದರು. ಅದು ದುಡಿಯುತ್ತಿತ್ತು, ಆ ದುಡ್ಡು ಬೇರೆ ಎಲ್ಲೋ ಖರ್ಚಾಗುತ್ತಿತ್ತು. ಅದೇ ಸಭೆಯಲ್ಲಿ, ನಿಲ್ದಾಣದ ಆದಾಯದಲ್ಲಿ ಇಂತಿಷ್ಟು ಪಾಲನ್ನು ಅದರ ನಿರ್ವಹಣೆಗೇ ಆಯವ್ಯಯದಲ್ಲಿ ಕಾದಿರಿಸಬೇಕೆಂದು ನಡಾವಳಿ ಬರೆಸಿಕೊಂಡೆ. ನಡಾವಳಿಯಲ್ಲಿ ಇಲ್ಲದ ಭರವಸೆಗೆ ನಮ್ಮ ಕಚೇರಿಯಲ್ಲಿ ಬೆಲೆಯಿಲ್ಲ.

ಬಸ್ಸುಗಳಿಂದ ಬರುವ ಶುಲ್ಕವನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ಪದ್ಧತಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ವಸೂಲಿ ಮಾಡುವ ಹಕ್ಕು ಹೆಚ್ಚು ಕೂಗಿದವರಿಗೆ. ಇಲ್ಲಿ ಆಟವೆಲ್ಲ ಸರ್ಕಾರಿ ಸವಾಲಿನ, ಅಂದರೆ ಹರಾಜು ಶುರುವಾಗುವ ಕನಿಷ್ಠ ಮೊತ್ತದಲ್ಲಿದೆ. ಹಿಂದಿನ ವರ್ಷದ ಮೊತ್ತಕ್ಕೆ ಒಂದಿಷ್ಟು ಸೇರಿಸಿ ಹೊಸ ಸವಾಲು ಗೊತ್ತುಮಾಡುವುದು ರೂಢಿ. ಹಿಂದಿನ ವರ್ಷ ಸವಾಲುದಾರರು ಒಳಗೊಳಗೇ ಮಾತಾಡಿಕೊಂಡು ಕಡಿಮೆಗೆ ಮುಗಿಸಿದ್ದರೆ ಆ ಕಡಿಮೆಯೇ ವರ್ಷವರ್ಷವೂ ಬೆಳೆಯುತ್ತದೆ. ಠೇವಣಿ ಕಟ್ಟಿದ ಮೂವರೂ ಒಂದೇ ಮನೆಯವರು ಎಂಬುದು ಊರಿಗೆಲ್ಲ ಗೊತ್ತಿದ್ದರೂ ಕಡತದಲ್ಲಿ ಮೂರು ಹೆಸರು ಇರುತ್ತವೆ, ಅಷ್ಟೇ.

ನಾವು ಲೆಕ್ಕವನ್ನು ಬಸ್ಸಿನಿಂದಲೇ ಶುರುಮಾಡಿದೆವು. ಕರ ವಸೂಲಿಗಾರರನ್ನು ಸರದಿಯ ಮೇಲೆ ದ್ವಾರದಲ್ಲಿ ಕೂರಿಸಿ, ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಒಂದು ವಾರ ನೋಂದಣಿ ಸಂಖ್ಯೆ ಬರೆಸಿದೆ. ಆ ವಾರದಲ್ಲಿ ಸಂತೆಯ ದಿನವೂ ಇರಬೇಕು, ಭಾನುವಾರವೂ ಇರಬೇಕು. ಮದುವೆಯ ಹಂಗಾಮು ಇರಬಾರದು, ಬಸ್ಸುಗಳು ಒಪ್ಪಂದದ ಮೇಲೆ ಹೋಗಿಬಿಟ್ಟಿರುತ್ತವೆ. ಬಂದ ಸಂಖ್ಯೆಯನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಪರವಾನಗಿ ವೇಳಾಪಟ್ಟಿಯ ಜೊತೆ ತಾಳೆ ನೋಡಿದಾಗ ಒಂದು ವಿಷಯ ಬಯಲಾಯಿತು. ಪಟ್ಟಿಯಲ್ಲಿದ್ದ ಎಷ್ಟೋ ಟ್ರಿಪ್‌ಗಳು ನಿಲ್ದಾಣದ ಒಳಗೇ ಬರುತ್ತಿರಲಿಲ್ಲ. ವೃತ್ತದಲ್ಲಿ ಜನ ಹತ್ತಿಸಿಕೊಂಡು ಹಾಗೇ ಹೋಗುತ್ತಿದ್ದವು.

ಮೋಟಾರು ವಾಹನ ಕಾಯ್ದೆಯ 117ನೇ ಕಲಂ ವಾಹನಗಳು ಎಲ್ಲಿ ನಿಲ್ಲಬೇಕೆಂದು ಗೊತ್ತುಪಡಿಸುವ ಅಧಿಕಾರ ಕೊಡುತ್ತದೆ. ಪೊಲೀಸರಿಗೆ ಪತ್ರ ಬರೆದು ಎರಡು ದಿನ ದಂಡ ಹಾಕಿಸಬಹುದು. ಮೂರನೆಯ ದಿನ ಪೊಲೀಸರಿಗೆ ಬೇರೆ ಬಂದೋಬಸ್ತು ಬರುತ್ತದೆ. ಹಾಗಾಗಿ ನಾನು ಬಸ್ ಮಾಲೀಕರ ಸಂಘದವರನ್ನೇ ಕರೆದು, ಯಾಕೆ ಸ್ವಾಮಿ ಒಳಗೆ ಬರುವುದಿಲ್ಲ ಎಂದು ಕೇಳಿದೆ. ಶುಲ್ಕ ಉಳಿಸಲು ಎಂದುಕೊಂಡಿದ್ದೆವು. ಅವರು ಹೇಳಿದ್ದು ಸಮಯದ ಮಾತು. ದಾವಣಗೆರೆ ಕಡೆಗೆ ಹೊರಡುವ ಬಸ್ಸು ನಿಲ್ದಾಣದಿಂದ ಹೊರಬಂದು ಪೇಟೆಯ ನಡುವೆ ತಿರುವು ತೆಗೆದುಕೊಳ್ಳಬೇಕಿತ್ತು. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಐದಾರು ನಿಮಿಷದ ಅಂತರವಿರುವ ಮಾರ್ಗದಲ್ಲಿ ಆ ತಿರುವಿನಲ್ಲಿ ಸಿಕ್ಕಿಕೊಂಡವನಿಗೆ ಮುಂದಿನ ಊರಿನ ಜನವೆಲ್ಲ ಕೈತಪ್ಪುತ್ತಾರೆ. ನಿಮಿಷಕ್ಕಾಗಿ ಕಂಡಕ್ಟರುಗಳು ಕೊರಳಪಟ್ಟಿ ಹಿಡಿದುಕೊಳ್ಳುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹಿಂಭಾಗದ ಕಾಂಪೌಂಡು ಒಡೆದು ಅಡ್ಡರಸ್ತೆಗೆ ಹೊರದಾರಿ ಮಾಡಿದೆವು. ಅದಕ್ಕೆ ತಗುಲಿದ ಖರ್ಚು ಹೊಸ ಕಟ್ಟಡದ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಬಸ್ಸುಗಳು ಒಳಗೆ ಬಂದವು. ಅವುಗಳ ಹಿಂದೆ ಜನ ಬಂದರು, ಜನರ ಹಿಂದೆ ಮಳಿಗೆಗಳಿಗೆ ವ್ಯಾಪಾರ ಬಂತು.

ನಿಲ್ದಾಣದ ನಿಜವಾದ ಆದಾಯ ಮಳಿಗೆಗಳದ್ದು, ನಿಜವಾದ ತಲೆನೋವೂ ಅವೇ. ನಮ್ಮಲ್ಲಿ ಗುತ್ತಿಗೆ 12 ವರ್ಷಕ್ಕೆ. ಅವಧಿ ಮುಗಿದರೂ ಬಿಡದೆ ನ್ಯಾಯಾಲಯದ ತಡೆಯಾಜ್ಞೆ ತಂದು ಹಳೆಯ ಬಾಡಿಗೆಯಲ್ಲೇ ಕೂತವರಿದ್ದರು. ಅದಕ್ಕಿಂತ ದೊಡ್ಡ ರೋಗ ಒಳಬಾಡಿಗೆ. ಪುರಸಭೆಗೆ ಪುಡಿಗಾಸು ಕಟ್ಟುವ ಮೂಲ ಗುತ್ತಿಗೆದಾರ ಮನೆಯಲ್ಲಿರುತ್ತಾನೆ. ಮಂಡಕ್ಕಿ ಮಿರ್ಚಿ ಕರಿಯುತ್ತಾ ಬೆವರು ಸುರಿಸುವವನು ಅದರ ಹಲವು ಪಟ್ಟನ್ನು ಅವನಿಗೆ ಕೊಡುತ್ತಾನೆ. ಇದು ಎಲ್ಲರಿಗೂ ಗೊತ್ತು, ಸಾಬೀತು ಮಾಡುವುದು ಹೇಗೆ? ನಾನು ಮಳಿಗೆಗೆ ಹೋಗಿ ವಿಚಾರಣೆ ಮಾಡಲಿಲ್ಲ, ಕೇಳಿದರೆ ಎಲ್ಲರೂ ಮೂಲ ಗುತ್ತಿಗೆದಾರನ ಅಳಿಯಂದಿರೇ. ಆರೋಗ್ಯ ಶಾಖೆಯಿಂದ ವ್ಯಾಪಾರ ಪರವಾನಗಿಯ ಪಟ್ಟಿ ತರಿಸಿಕೊಂಡೆ, ವಿದ್ಯುತ್ ಬಿಲ್ಲಿನ ಪ್ರತಿ ಕೇಳಿದೆ, ಎರಡನ್ನೂ ಗುತ್ತಿಗೆ ಕರಾರಿನ ಹೆಸರಿನ ಪಕ್ಕದಲ್ಲಿಟ್ಟೆ. ಹೆಸರು ಹೊಂದದ ಮಳಿಗೆಗಳಿಗೆ ನೋಟಿಸ್ ಹೋಯಿತು. ಕೆಲವರು ಬಿಟ್ಟರು, ಕೆಲವರು ವಕೀಲರನ್ನು ಹಿಡಿದರು. ತೆರವಾದವುಗಳನ್ನು ಬಹಿರಂಗ ಹರಾಜಿಗೆ ಇಟ್ಟಾಗ ಕರಿಯುವವನೇ ಕೂಗಿ ಗೆದ್ದದ್ದೂ ಉಂಟು. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಮೀಸಲಾದ ಮಳಿಗೆಗಳನ್ನು ನಾನು ಮುಂಭಾಗದ ಸಾಲಿನಲ್ಲೇ ಗುರುತಿಸಿದೆ. ಶೌಚಾಲಯದ ಪಕ್ಕದ ಕತ್ತಲೆ ಕೋಣೆಯನ್ನು ಮೀಸಲು ಎಂದು ತೋರಿಸಿ ಬರಬಾರದಷ್ಟೆ.

ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಇದೆ ಎಂಬುದನ್ನು ಹರಾಜಿನ ಪ್ರಕಟಣೆಯಲ್ಲೇ ದಪ್ಪಕ್ಷರದಲ್ಲಿ ಹಾಕಿ. ಇಲ್ಲವಾದರೆ ಕೂಗಿದ ಮೊತ್ತದೊಳಗೇ ಅದು ಸೇರಿದೆ ಎಂದು ಹಟ ಹಿಡಿಯುತ್ತಾರೆ, ಕೊನೆಗೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ನಿಮ್ಮ ಹೆಸರಿಗೆ ಬರುತ್ತದೆ.

ತಳ್ಳುಗಾಡಿಯವರ ವಿಷಯ ಬೇರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದ ಮೇಲೆ ಅವರನ್ನು ಮನಬಂದಂತೆ ಎಬ್ಬಿಸುವಂತಿಲ್ಲ. ಎಬ್ಬಿಸಲೂಬಾರದು, ರಾತ್ರಿಯ ಕೊನೆಯ ಬಸ್ಸಿಗೆ ಕಾಯುವ ಹೆಂಗಸರಿಗೆ ಆ ಗಾಡಿಗಳ ದೀಪವೇ ಧೈರ್ಯ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಯಿತು. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ, ಖಾಸಗಿಯಲ್ಲಿ ಇಲ್ಲ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನನ್ನದಲ್ಲ, ನನ್ನ ಸ್ವಂತ ಮನೆಯಲ್ಲಿ ಅದಕ್ಕೆ ಬಹುಮತವಿದೆ. ಆದರೆ ನಿಲ್ದಾಣದ ಲೆಕ್ಕದ ಮೇಲೆ ಅದರ ಏಟು ಬೇಗನೆ ಬಿತ್ತು. ಖಾಸಗಿ ಬಸ್ಸುಗಳ ಸೀಟು ಖಾಲಿಯಾದವು, ಮಾಲೀಕರು ಟ್ರಿಪ್ ಕಡಿಮೆ ಮಾಡಿದರು, ಶುಲ್ಕದ ಗುತ್ತಿಗೆದಾರ ನಷ್ಟವೆಂದು ಕಂತು ನಿಲ್ಲಿಸಿದ. ಕರಾರಿನಲ್ಲಿ ಇಂಥ ಪರಿಸ್ಥಿತಿಗೆ ವಿನಾಯಿತಿ ಇರಲಿಲ್ಲ. 2020ರ ಲಾಕ್‌ಡೌನ್‌ ಕಾಲದಲ್ಲಿ ಬಸ್ಸುಗಳೇ ಓಡಿರಲಿಲ್ಲ, ಆಗ ರಿಯಾಯಿತಿ ಕೊಡಲು ಕಾರಣ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಬಸ್ಸು ಓಡುತ್ತಿದೆ, ಜನ ಇಲ್ಲ. ಮುಂದಿನ ವರ್ಷದಿಂದ ಟ್ರಿಪ್ ಲೆಕ್ಕದ ಶುಲ್ಕದ ಬದಲು ಪ್ರತಿ ಬಸ್ಸಿಗೆ ಮಾಸಿಕ ಶುಲ್ಕ, ಮೂರು ತಿಂಗಳದ್ದು ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಸಭೆಯಲ್ಲಿ ಒಪ್ಪಿಸಿ ವಸೂಲಿಯನ್ನು ನಮ್ಮ ಸಿಬ್ಬಂದಿಗೇ ವಹಿಸಿದೆವು. ಮೊತ್ತ ಹರಾಜಿನ ಕಾಲದಷ್ಟು ಬರಲಿಲ್ಲ. ಆದರೆ ಬಂದದ್ದು ಬ್ಯಾಂಕಿಗೆ ಬಂತು.

ಇನ್ನು ಶೌಚಾಲಯ. ಶೌಚಾಲಯದ ಹಕ್ಕನ್ನು ಹೆಚ್ಚು ಹಣ ಕೊಟ್ಟವರಿಗೆ ಕೊಡುವ ಪದ್ಧತಿಯಿತ್ತು. ಪುರಸಭೆಗೆ ಹೆಚ್ಚು ಕಟ್ಟಿದವನು ಅದನ್ನು ಎಲ್ಲಿಂದ ತೆಗೆಯುತ್ತಾನೆ? ನೀರಿನಿಂದ, ಫಿನಾಯಿಲಿನಿಂದ, ಹೆಣ್ಣುಮಕ್ಕಳ ಚೀಲದಿಂದ. ನಾನು ಆ ಆದಾಯವೇ ಬೇಡವೆಂದು ಟಿಪ್ಪಣಿ ಬರೆದೆ. ಪುರಸಭೆಗೆ ಒಂದು ರೂಪಾಯಿಯೂ ಬೇಡ, ನಿಗದಿತ ಶುಲ್ಕವನ್ನು ನೀನೇ ಇಟ್ಟುಕೋ, ಮೂತ್ರಾಲಯ ಉಚಿತವಿರಲಿ, ಮಹಿಳೆಯರ ವಿಭಾಗಕ್ಕೆ ಕೊನೆಯ ಬಸ್ಸು ಹೋಗುವವರೆಗೆ ಬೀಗ ಬೀಳಬಾರದು, ಕೊಳಕು ಕಂಡರೆ ಠೇವಣಿಯಿಂದ ಕಡಿತ ಎಂಬ ಷರತ್ತು. ಆದಾಯ ಬಿಡುವ ಪ್ರಸ್ತಾವ ಎಂದು ಲೆಕ್ಕ ಶಾಖೆ ತಕರಾರು ತೆಗೆಯಿತು. ವರ್ಷಕ್ಕೆ ಎಷ್ಟು ಬಾರಿ ಬಾಗಿಲು, ನಲ್ಲಿ, ಕಮೋಡು ಬದಲಿಸಿದ್ದೇವೆ ಎಂಬ ಖರ್ಚನ್ನು ವಹಿಯಿಂದ ತೆಗೆದು ತೋರಿಸಿದ ಮೇಲೆ ಸಹಿ ಬಿತ್ತು.

ಟ್ಯಾಂಕು, ಕೊಳವೆ, ಸೆಪ್ಟಿಕ್ ಟ್ಯಾಂಕ್ ದುರಸ್ತಿಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಬಳಸಿದೆವು. ನಮ್ಮಂಥ ಸಣ್ಣ ಊರುಗಳಿಗೆ ಆ ಹಣದಲ್ಲಿ ಶೇ 60ರಷ್ಟು ನಿರ್ಬಂಧಿತವಾಗಿತ್ತು: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ. ಹೀಗಾಗಿ ಒಂದೇ ನಿಲ್ದಾಣದ ಕೆಲಸವನ್ನು ತುಂಡು ಮಾಡಿ, ಯಾವ ತುಂಡು ಯಾವ ಅನುದಾನಕ್ಕೆ ಒಗ್ಗುತ್ತದೆ ಎಂದು ನೋಡಿ ಕ್ರಿಯಾ ಯೋಜನೆ ಬರೆಯಬೇಕು. ಕುಡಿಯುವ ನೀರಿನ ಘಟಕ ಒಂದರಲ್ಲಿ, ಶೌಚಾಲಯ ಇನ್ನೊಂದರಲ್ಲಿ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಮುಕ್ತ ನಿಧಿಯಲ್ಲಿ ಚರಂಡಿ. ನಡೆಸುವ ಖರ್ಚಿಗೆ ಮಾತ್ರ ಸ್ವಂತ ಆದಾಯವೇ ಗತಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ದಿನಗಳಲ್ಲಿ ಬೇಕಾಗುವ ಹೆಚ್ಚುವರಿ ಪೌರಕಾರ್ಮಿಕರ ಕೂಲಿ, ನೀರಿನ ಟ್ಯಾಂಕರು ಯಾವ ಆಯೋಗದ ಮಾರ್ಗಸೂಚಿಯಲ್ಲೂ ಇಲ್ಲ.

ದಾವಣಗೆರೆಗೆ ವಿಮಾನ ನಿಲ್ದಾಣ ಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಈ ವಹಿ ನೆನಪಾಗುತ್ತದೆ. ಪಕ್ಕದ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣವನ್ನು ರಾಜ್ಯವೇ ನಡೆಸುತ್ತಿದೆ. ಸಣ್ಣ ಊರುಗಳಿಗೆ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗದ ನಷ್ಟ ತುಂಬಿಕೊಡುವ ನೆರವು 3 ವರ್ಷಕ್ಕೆ. ಆಮೇಲೂ ದಿನಕ್ಕೆ ಎರಡೇ ವಿಮಾನ ಬಂದರೂ ಅಗ್ನಿಶಾಮಕ ವಾಹನ, ಭದ್ರತಾ ಸಿಬ್ಬಂದಿ, ರನ್‌ವೇ ಪಕ್ಕದ ಹುಲ್ಲು ಕತ್ತರಿಸುವವರು ಎಲ್ಲರೂ ಇರಲೇಬೇಕು. ಬೇಡವೆಂದು ನಾನು ಹೇಳುತ್ತಿಲ್ಲ. ಕೇಳುವವರು ಶಂಕುಸ್ಥಾಪನೆಯ ದಿನವೇ ನಾಲ್ಕನೇ ವರ್ಷದ ಆಯವ್ಯಯವನ್ನೂ ಕೇಳಲಿ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ವ್ಯಾವಹಾರಿಕ ಮಾತು. ಬಸ್ಸು ಎಣಿಸುವ ಕೆಲಸ ಡಿಸೆಂಬರಿನಲ್ಲಿ ಮುಗಿಯಬೇಕು, ಹರಾಜು ಹಾಕುವುದಾದರೆ ಅದರ ಪ್ರಕಟಣೆ ಜನವರಿಯಲ್ಲಿ ಹೊರಡಬೇಕು. ಮೊದಲ ಸಲ ಯಾರೂ ಬಾರದಿದ್ದರೆ ಎರಡನೆಯ ಸಲ ಕರೆಯಲು ಫೆಬ್ರುವರಿ ಸಿಗುತ್ತದೆ. ಮಾರ್ಚ್‌ನಲ್ಲಿ ಕರೆದರೆ ಏಪ್ರಿಲ್ 1ಕ್ಕೆ ಗುತ್ತಿಗೆದಾರ ಇರುವುದಿಲ್ಲ. ಹಳಬನಿಗೇ ಹಳೆಯ ದರದಲ್ಲಿ ಎರಡು ತಿಂಗಳು ಮುಂದುವರಿಸಿ ಎಂಬ ಶಿಫಾರಸು ಫೋನಿನಲ್ಲಿ ಬರುತ್ತದೆ, ಆ ಎರಡು ತಿಂಗಳು ದಸರಾವರೆಗೆ ಎಳೆಯುತ್ತದೆ.