ಹೊಗೆಗೂಡಿನ ಬುಡದಲ್ಲಿ ಕಬ್ಬಿನ ಹಾಲು ಕಾಯಿಸಿದ್ದು

ನನ್ನ ಆಲೆಮನೆಯಲ್ಲಿ ಹೊಗೆಯ ಬಿಸಿಯಲ್ಲಿ ಕಬ್ಬಿನ ಹಾಲು ಕಾಯಿಸುತ್ತೇನೆ ಎಂದಾಗ ಒಲೆ ಕಟ್ಟುವವರಿಂದ ದಲ್ಲಾಳಿಯವರೆಗೆ ಎಲ್ಲರದೂ ಒಂದೇ ಮಾತು: "ಬೆಲ್ಲ ಕಪ್ಪಾಗುತ್ತದೆ, ಬಿಡಿ ಗೌಡರೇ." ಎರಡು ಹಂಗಾಮು ಕಳೆದಿವೆ. ಈಗ ಮಂಡ್ಯದ ಮಾರುಕಟ್ಟೆಯಲ್ಲಿ ಅದೇ ದಲ್ಲಾಳಿ ನನ್ನ ಅಚ್ಚನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಇದಕ್ಕೆಲ್ಲ ಮೂಲ ಒಂದು ಥರ್ಮಾಮೀಟರು. ಕೊಪ್ಪರಿಗೆ ಕುದಿ ಹಿಡಿದ ಮೇಲೆ ಒಲೆಗೆ ಎಷ್ಟು ರಚ್ಚು (ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ) ತಳ್ಳಿದರೂ ಅದು ಬಹಳ ಹೊತ್ತು ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಂತಿತ್ತು. ಬೆಂಕಿಯ ಶಾಖ ಹಬೆಯ ಬೆನ್ನೇರಿ ಸೂರು ದಾಟುತ್ತಿತ್ತು. ಒಂದು ಕಿಲೋ ನೀರನ್ನು 28 ಡಿಗ್ರಿಯಿಂದ ಕುದಿಗೆ ತರಲು 72 ಕಿಲೋಕ್ಯಾಲರಿ ಸಾಕು. ಅದನ್ನೇ ಹಬೆ ಮಾಡಲು ಸುಮಾರು 540 ಬೇಕು. ನನ್ನ ಕೊಪ್ಪರಿಗೆಗೆ ಬೀಳುವ ಸಾವಿರ ಲೀಟರ್ ಹಾಲಿನಲ್ಲಿ ಎಂಟುನೂರು ಕಿಲೋದಷ್ಟು ನೀರು ಹಾರಬೇಕು. ತೆರೆದ ಕೊಪ್ಪರಿಗೆಯಲ್ಲಿ ಆ 540ಕ್ಕೆ ರಿಯಾಯಿತಿ ಇಲ್ಲ. 72ರ ಬಹುಪಾಲನ್ನು ಹೊಗೆಯಿಂದ ಕಿತ್ತುಕೊಳ್ಳಬಹುದು ಎಂದು ಲೆಕ್ಕ ಹಾಕಿದೆ.

ಮೊದಲು ಕಬ್ಬಿಣದ ತೊಟ್ಟಿ ಇಟ್ಟೆ, ಹದಿನೆಂಟು ಸಾವಿರ ಹೋಯಿತು. ಗಾಣ ಕೆಟ್ಟ ದಿನ ಹಾಲು ನಾಲ್ಕು ಗಂಟೆ ಉಗುರುಬೆಚ್ಚಗೆ ನಿಂತು ಹುಳಿಯಾಯಿತು. ಪಾಕ ಇಳಿಸುವ ಹದವಾದ 118 ಡಿಗ್ರಿಗೆ ಬಂದರೂ ಬೆಲ್ಲ ಅಚ್ಚಿನಲ್ಲಿ ನಿಲ್ಲಲಿಲ್ಲ. ಒತ್ತಿದರೆ ಬೆರಳಿನ ಗುರುತು ಉಳಿದು ಅಂಗೈಗೆ ಮೇಣದಂತೆ ಅಂಟುತ್ತಿತ್ತು. ಬಣ್ಣವೂ ಕಪ್ಪು. ಎರಡನೆಯ ಸಲ ಹೊಗೆಗೂಡಿನೊಳಗೇ ಕೊಳವೆ ಸುತ್ತಿಸಿದೆ, ಮೂವತ್ತೈದು ಸಾವಿರದ ಹತ್ತಿರ. ವಾರದಲ್ಲಿ ಮಸಿ ಕಟ್ಟಿ ಗಾಳಿಯ ಸೆಳೆತ ಸತ್ತಿತು. ಉರಿ ಹಾಕುವವನ ಮುಖಕ್ಕೇ ಜ್ವಾಲೆ ಹೊರಳಿದಾಗ ಕೊಳವೆಗಳನ್ನು ಅಂದೇ ಕೀಳಿಸಿದೆ.

ಮೂರನೆಯದು ಗೆದ್ದಿತು. ಕೊಪ್ಪರಿಗೆಗೂ ಹೊಗೆಗೂಡಿಗೂ ನಡುವಿನ ಹೊಗೆದಾರಿಯ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಅಗಲವಾದ, ಆಳವಿಲ್ಲದ ಬಾಣಲೆ. ಒಂದು ಪಾಕ ಇಳಿಯುವಷ್ಟರಲ್ಲಿ ಮುಂದಿನ ಹಾಲು 65–70ಕ್ಕೆ ಬಂದಿರುತ್ತದೆ. ಬಾಣಲೆಯಲ್ಲಿ ಹಾಲನ್ನು ಸುಮ್ಮನೆ ನಿಲ್ಲಲು ಬಿಡುವುದಿಲ್ಲ. ಗಾಣ ನಿಂತರೆ ಬಾಣಲೆ ಬರಿದು. ಹೊಗೆದಾರಿಯ ತಗಡಿನ ಬಾಗಿಲನ್ನು ಎಷ್ಟು ಬೆರಳು ತೆರೆದಿಡುತ್ತೇನೆ ಎಂಬುದನ್ನು ಇಲ್ಲಿ ಹೇಳಲಾರೆ.

ನಡುವೆ ರಚ್ಚನ್ನೂ ತೂಗಿದೆ. ಗಾಣದಿಂದ ಬಿದ್ದ ನೂರು ಕಿಲೋ ಹಸಿ ರಚ್ಚು ಮೂರು ದಿನದ ಬಿಸಿಲಿಗೆ ಅರವತ್ತಕ್ಕೆ ಇಳಿಯಿತು. ಹಸಿಯಾಗಿಯೇ ಒಲೆಗೆ ಹಾಕಿದ್ದರೆ ಆ ನಲವತ್ತು ಕಿಲೋ ನೀರಿಗೂ 540ರಂತೆ ತೆರಬೇಕಿತ್ತು. ಮೋಡ ಕವಿದ ವಾರ ಆ ದಂಡ ಕಣ್ಣಿಗೇ ಕಾಣುತ್ತದೆ: ಹೊಗೆ ಬಿಳಿಯಾಗಿ ದಟ್ಟವಾಗಿ ಏಳುತ್ತದೆ, ಪಾಕ ಮುಂದೆ ಸಾಗುವುದಿಲ್ಲ.

ಮೂರು ಗಂಟೆ ಹಿಡಿಯುತ್ತಿದ್ದ ಕೊಪ್ಪರಿಗೆ ಈಗ ಎರಡೂವರೆಗೆ ಇಳಿಯುತ್ತದೆ. ಅದರಲ್ಲಿ ಬಾಣಲೆಯ ಪಾಲು ಕಾಲು ಗಂಟೆ, ಉಳಿದದ್ದು ಒಣ ರಚ್ಚಿನದು. ವಾರಕ್ಕೆ ಒಂದೂವರೆ ಟನ್ ಸೌದೆ ಕೊಳ್ಳುತ್ತಿದ್ದೆ, ಈಗ ಮಳೆಗಾಲದಲ್ಲಿ ಮಾತ್ರ. ಬಾಣಲೆಯ ನಲವತ್ತು ಸಾವಿರ ಒಂದೇ ಹಂಗಾಮಿನಲ್ಲಿ ಹುಟ್ಟಿತು. ಎರಡನೆಯ ಒಲೆಗೂ ಕೂರಿಸುತ್ತಿದ್ದೇನೆ. ಹಾಲಿನ ಕೊಳೆ ತೆಗೆಯಲು ಹಾಕುವ ಬೆಂಡೆ ಲೋಳೆಯನ್ನು ಬಾಣಲೆಯಲ್ಲೇ ಬಿಟ್ಟು ನೋಡಿದ್ದೇನೆ, ಮಡ್ಡಿ ಬೇಗ ಮೇಲೆ ಬಂತು. ಎಷ್ಟು ಡಿಗ್ರಿಗೆ ಬಿಟ್ಟೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.