ತಕ್ಕಡಿಗೆ ಹಾಕಿ ಆರಿಸಿದ ಗ್ಲೌಸ್

ಮಂಡಿಪೇಟೆಯ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಮೊದಲ ಸಲ ಬಾಕ್ಸಿಂಗ್ ಗ್ಲೌಸ್ ಇಟ್ಟಾಗ ಅಂಗಡಿ ಯಜಮಾನ್ರು ಜೋರಾಗಿ ನಕ್ಕರು. "ಏನ್ ಸರ, ಇದನ್ನೂ ಕೆಜಿ ಲೆಕ್ಕದಾಗೆ ಮಾರ್ತೀರೇನು?" ಅಂದರು. ಶೇಂಗಾ ತೂಗಿಸಿಕೊಳ್ಳಲು ನಿಂತಿದ್ದ ಅಜ್ಜಿಯೂ ನಕ್ಕಳು. ಗ್ಲೌಸ್ ಮೇಲೆ 16 ಔನ್ಸ್ ಅಂತ ಅಚ್ಚಾಗಿತ್ತು. ಅಂದ್ರೆ ಒಂದೊಂದು 454 ಗ್ರಾಂ ಆಸುಪಾಸು ಇರಬೇಕು. ಬಲಗೈಯದು 397 ತೋರಿಸಿತು, ಎಡಗೈಯದು 421. ನನಗೆ ನಗು ಬರಲಿಲ್ಲ. ಆ ಜೋಡಿಗೆ 1,900 ಕೊಟ್ಟಿದ್ದೆ.

ದಾವಣಗೆರೆ ಹಳೇ ಊರಿನಲ್ಲಿ, ಗರಡಿಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಏಳೆಂಟು ವರ್ಷದಿಂದ ಬಾಕ್ಸಿಂಗ್ ಹೇಳಿಕೊಡುತ್ತಿದ್ದೇನೆ. ಈಗ ಹದಿನಾಲ್ಕು ಜನ ಬರುತ್ತಾರೆ, ಮೂವರು ಹುಡುಗಿಯರು. ನಮ್ಮದು ಕುಸ್ತಿ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಂದ್ರೆ ಜನ ಮುಗಿಬೀಳುತ್ತಾರೆ, ಬಾಕ್ಸಿಂಗ್ ಅಂದ್ರೆ ಮೂಗು ಮುರಿಯುತ್ತಾರೆ. ಗರಡಿ ವಸ್ತಾದ್ರು ಮೊದಲ ದಿನವೇ ಕೇಳಿದ್ದರು: "ಅಲ್ಲೋ ತಮ್ಮಾ, ಗುದ್ದೋನಿಗೆ ದಿಂಬು ಯಾಕೋ?"

ಆ ದಿಂಬಿನ, ಅಂದ್ರೆ ಗ್ಲೌಸಿನ ವಿಷಯಕ್ಕೇ ನಾನು ಹೆಚ್ಚುಕಡಿಮೆ 40 ಸಾವಿರ ಕಳೆದಿದ್ದೇನೆ. ಬೇರೆ ಕೋಚ್‌ಗಳೂ ಇದೇ ದಾರಿಯಲ್ಲಿ ದುಡ್ಡು ಸುರಿಯುತ್ತಿರುವುದು ಕಾಣುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗ್ಲೌಸ್ ಹಾಕುವ ಮುಂಚೆ ಕೈಗೆ ಬಟ್ಟೆಯ ಕೈಪಟ್ಟಿ ಸುತ್ತೋದು ಹೇಗೆ, ಔನ್ಸ್ ಅಂದ್ರೆ ಏನು ಅಂತೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಟ್ಟೆ.

ಶುರುವಿನಲ್ಲಿ ಎಲ್ಲರಂತೆ ನಾನೂ ಸಗಟು ಲೆಕ್ಕಕ್ಕೆ ಬಿದ್ದೆ. ಹತ್ತು ಜೋಡಿ ರೆಕ್ಸಿನ್ ಗ್ಲೌಸ್, 12 ಔನ್ಸ್, ಜೋಡಿಗೆ 850 ಇರಬೇಕು. ಬಂದಾಗ ಮಿರಮಿರ ಮಿಂಚುತ್ತಿದ್ದವು, ಹುಡುಗರು ಫೋಟೊ ತೆಗೆಸಿಕೊಂಡಿದ್ದೇ ತೆಗೆಸಿಕೊಂಡಿದ್ದು. ನಾಲ್ಕು ತಿಂಗಳಿಗೆ ಗೆಣ್ಣಿನ ಮೇಲಿನ ಫೋಮ್ ರೊಟ್ಟಿಯಂತೆ ಚಪ್ಪಟೆಯಾಯಿತು. ನನಗೆ ಗೊತ್ತಾಗಲಿಲ್ಲ, ಯಾಕಂದ್ರೆ ಹೊರಗಿನಿಂದ ಉಬ್ಬು ಹಾಗೇ ಕಾಣುತ್ತಿತ್ತು. ಗೊತ್ತಾಗಿದ್ದು ಒಬ್ಬ ಹುಡುಗನ ಕೈ ಮುರಿದಾಗ.

ಗುದ್ದಲು ತೂಗುಹಾಕಿದ ಹೆವಿ ಬ್ಯಾಗ್‌ಗೆ ಬಲಗೈ ಹುಕ್, ಅಂದ್ರೆ ಪಕ್ಕದಿಂದ ಬೀಸುವ ಗುದ್ದು, ಹೊಡೆದ. ಹೊಡೆದವನೇ ಗ್ಲೌಸನ್ನು ಕಂಕುಳಲ್ಲಿ ಒತ್ತಿಕೊಂಡು ಕೂತುಬಿಟ್ಟ. ಎಕ್ಸ್-ರೇ ಹಿಡಿದು ಡಾಕ್ಟ್ರು ತೋರಿಸಿದರು, ಕಿರುಬೆರಳ ಗೆಣ್ಣಿನ ಕೆಳಗೆ ಎಲುಬಿನ ಕುತ್ತಿಗೆ ಮುರಿದಿತ್ತು. ಇದರ ಹೆಸರೇ ಬಾಕ್ಸರ್ಸ್ ಫ್ರ್ಯಾಕ್ಚರ್, ಆದ್ರೆ ಪಳಗಿದ ಬಾಕ್ಸರ್‌ಗಳಿಗಿಂತ ಹೊಸಬರಿಗೇ ಜಾಸ್ತಿ ಆಗುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗಬೇಕಾದ ಕಡೆ ಹೊರಗಿನ ಎರಡು ಗೆಣ್ಣು ತಾಗಿದರೆ ಮುಗಿಯಿತು. ಅವನ ಹೊಡೆತ ತಪ್ಪಿತ್ತು, ನಿಜ. ಪಟ್ಟಿ ಸಡಿಲ ಸುತ್ತಿದ್ದನ್ನು ನಾನು ನೋಡದೇ ಬಿಟ್ಟಿದ್ದೂ ನಿಜ. ಒಳಗೆ ಫೋಮ್ ಇದ್ದಿದ್ದರೆ ಬರೀ ನೋವಿನಲ್ಲಿ ಹೋಗುತ್ತಿತ್ತೇನೋ. ಅವರಪ್ಪ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ. ನನ್ನನ್ನು ಬೈಯಲಿಲ್ಲ. "ಕೂಡ್ಕೊಂತೈತೇನ್ರೀ ಸರ?" ಅಂತ ಒಂದೇ ಮಾತು ಕೇಳಿದರು. ಕೂಡಿಕೊಂಡಿತು. ಹುಡುಗ ಈಗಲೂ ಬರುತ್ತಾನೆ.

ಆ ರಾತ್ರಿ ಅವನು ಹಾಕಿದ್ದ ಗ್ಲೌಸನ್ನು ಬ್ಲೇಡ್‌ನಿಂದ ಸೀಳಿದೆ. ಮೇಲೆ ರೆಕ್ಸಿನ್, ಕೆಳಗೆ ಬೆರಳ ದಪ್ಪದ ಒಂದೇ ಹಾಳೆ ಫೋಮ್. ಅದೂ ಚೂರುಗಳನ್ನು ಅಂಟಿಸಿ ಮಾಡಿದ್ದು, ಉದುರಿ ಪುಡಿಯಾಗಿತ್ತು. ಮಣಿಕಟ್ಟಿನ ಕಡೆ ಮಾತ್ರ ಬಟ್ಟೆ ಚಿಂದಿ ಗಟ್ಟಿಯಾಗಿ ತುರುಕಿದ್ದರು. ತೂಕ ಬರಬೇಕಲ್ಲ, ಅದಕ್ಕೆ.

ಅಲ್ಲಿಂದ ತೂಗುವ ಹುಚ್ಚು ಹಿಡಿಯಿತು. ಆದ್ರೆ ಬರೀ ತೂಕ ನಂಬಿದರೂ ಕೆಡುತ್ತೀರಿ. ಒಂದು ಜೋಡಿ ಸರಿಯಾಗಿ 452, 455 ತೂಗಿತು. ಖುಷಿಯಾಗಿ 2,600 ಕೊಟ್ಟು ತಂದೆ. ಅದರಲ್ಲೂ ಭಾರವೆಲ್ಲ ಮಣಿಕಟ್ಟಿನಲ್ಲೇ ಇತ್ತು. ಅದಾದ ಮೇಲೆ ಗ್ಲೌಸನ್ನು ಸ್ಕೇಲ್‌ಪಟ್ಟಿ ಮೇಲೆ ಅಡ್ಡ ಇಟ್ಟು ತೂಗಾಡಿಸಿ ನೋಡುವುದು ಶುರು ಮಾಡಿದೆ. ಚೆನ್ನಾಗಿರುವ ಗ್ಲೌಸ್ ಮುಷ್ಟಿ ಕಡೆ ವಾಲುತ್ತದೆ, ಮೋಸದ್ದು ಮಣಿಕಟ್ಟಿನ ಕಡೆ. ಮಣಿಕಟ್ಟಿನ ಭಾಗ ಉದ್ದ ಇರುವ, ದಾರ ಕಟ್ಟುವ ಲೇಸ್ ಗ್ಲೌಸ್‌ಗೆ ಇದು ಅಷ್ಟು ಸರಿಹೋಗಲ್ಲ, ವೆಲ್‌ಕ್ರೋದಕ್ಕೆ ಹೋಗುತ್ತದೆ. ಒಂದು ಜೋಡಿಯಲ್ಲಿ ಎಡಬಲ 15 ಗ್ರಾಂ ವ್ಯತ್ಯಾಸದವರೆಗೆ ಒಪ್ಪುತ್ತೇನೆ, ಅದಕ್ಕಿಂತ ಜಾಸ್ತಿ ಇದ್ದರೆ ವಾಪಸ್.

ಆಮೇಲೆ ಕೈ ಹಾಕಿ ನೋಡುವುದು. ಇಲ್ಲಿ ಮುಕ್ಕಾಲು ಜನ ತಪ್ಪುತ್ತಾರೆ. ಬರಿಗೈ ತೂರಿಸಿ "ಫಿಟ್ ಆಯ್ತು" ಅಂತಾರೆ. ನಾನೂ ಹಾಗೇ 4,500 ಕೊಟ್ಟು ಒಂದು ಜೆಲ್ ಗ್ಲೌಸ್ ತಂದಿದ್ದೆ. ಬರಿಗೈಗೆ ಮಲ್ಲಿಗೆ ಹೂವಿನ ಹಾಗಿತ್ತು. ಪಟ್ಟಿ ಸುತ್ತಿ ಹಾಕಿದರೆ ಎರಡನೇ ರೌಂಡ್‌ಗೇ ಬೆರಳು ಜೋಮು ಹಿಡಿದವು. ಹೈಸ್ಕೂಲ್ ಹುಡುಗನೊಬ್ಬನಿಗೆ 2,000ಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಈಗ ಅಂಗಡಿಗೆ ಹೋಗುವಾಗಲೇ 180 ಇಂಚಿನ ಪಟ್ಟಿ ಸುತ್ತಿಕೊಂಡು ಹೋಗುತ್ತೇನೆ. ಸಿಟಿ ಬಸ್ಸಿನಲ್ಲಿ ಜನ ಗಾಯವಾಗಿದೆ ಅಂದುಕೊಂಡು ಸೀಟು ಬಿಟ್ಟುಕೊಟ್ಟಿದ್ದೂ ಉಂಟು.

ಪಟ್ಟಿ ಸಮೇತ ಕೈ ಹಾಕಿ ಮುಷ್ಟಿ ಕಟ್ಟಬೇಕು. ಕಟ್ಟಲು ತಿಣುಕಬೇಕಾದರೆ ಬೇಡ. ಹೊಡೆಯುವ ಹೊತ್ತಿಗೆ ಆ ಮುಷ್ಟಿ ತಾನೇ ಬಿಚ್ಚಿಕೊಳ್ಳುತ್ತದೆ, ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಹೊಸ ಚರ್ಮ ಒಂದಿಷ್ಟು ಬಿಗಿ ಇರುತ್ತದೆ, ಅದು ಬೇರೆ. ಗ್ಲೌಸ್ ಒಳಗೆ ಹಿಡಿದುಕೊಳ್ಳಲು ಇರುವ ಅಡ್ಡಪಟ್ಟಿ ಬೆರಳಿಗೆ ಸಿಗಬೇಕು. ಆಮೇಲೆ ಇನ್ನೊಬ್ಬರಿಗೆ ಹೇಳಿ ಗೆಣ್ಣಿನ ಮೇಲೆ ಎರಡೂ ಹೆಬ್ಬೆರಳಿಂದ ಒತ್ತಿಸಿ. ಅವರ ಹೆಬ್ಬೆರಳಿಗೆ ನಿಮ್ಮ ಎಲುಬು ತಾಗಿದರೆ ಆ ಗ್ಲೌಸ್ ಎಷ್ಟು ಚಂದ ಇದ್ದರೂ ಕೆಳಗಿಡಿ. ಬಿಟ್ಟ ಮೇಲೆ ತಗ್ಗು ನಿಧಾನವಾಗಿ ಆದ್ರೂ ಪೂರ್ತಿ ಮೇಲೆ ಬರಬೇಕು. ಕೊನೆಗೆ ಮಣಿಕಟ್ಟು ಬಗ್ಗಿಸಿ ನೋಡಿ. ವೆಲ್‌ಕ್ರೋ ಎಳೆದು ಕಟ್ಟಿದ ಮೇಲೂ ಕೈ ಸಲೀಸಾಗಿ ಮಡಚುತ್ತಿದ್ದರೆ ಅದು ಬರೀ ಅಲಂಕಾರ.

ಒಬ್ಬ ಪರಿಚಯದವರು ಹೊರದೇಶದಿಂದ ಕುದುರೆ ಕೂದಲು ತುಂಬಿದ ಮೆಕ್ಸಿಕನ್ ಶೈಲಿಯ ಗ್ಲೌಸ್ ತಂದಿದ್ದರು. ನೋಡಲು ರಾಜನಂಗಿದೆ. ಆದ್ರೆ ಅದು ಹೊಡೆತ ಎದುರಾಳಿಗೆ ತಾಗಲಿ ಅಂತ ಮಾಡಿದ್ದು, ನಿಮ್ಮ ಗೆಣ್ಣು ಉಳಿಯಲಿ ಅಂತಲ್ಲ. ಹತ್ತು ನಿಮಿಷ ಬ್ಯಾಗ್ ಹೊಡೆದು ಎರಡು ದಿನ ಚಹಾ ಲೋಟ ಎಡಗೈಯಲ್ಲಿ ಹಿಡಿದೆ.

ಈಗಿನ ವ್ಯವಸ್ಥೆ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹದಿನಾಲ್ಕು ಜನಕ್ಕೆ ಹದಿನಾಲ್ಕು ಜೋಡಿ ಇಲ್ಲ. ಒಳ್ಳೆ ಚರ್ಮದ 16 ಔನ್ಸ್ ನಾಲ್ಕು ಜೋಡಿ, ಇಬ್ಬರು ಎದುರುಬದುರು ನಿಂತು ಅಭ್ಯಾಸ ಮಾಡುವ ಸ್ಪಾರಿಂಗ್‌ಗೆ ಮಾತ್ರ. ಒಂದೊಂದಕ್ಕೆ 3,400 ಬಿದ್ದಿರಬೇಕು. 50 ಕೆಜಿ ಒಳಗಿನ ಮಕ್ಕಳಿಗೆ 14 ಔನ್ಸ್ ಎರಡು ಜೋಡಿ. ಬ್ಯಾಗ್‌ಗೆ ಬೇರೆ ಗ್ಲೌಸ್. ಸ್ಪಾರಿಂಗ್ ಗ್ಲೌಸನ್ನು ಬ್ಯಾಗ್‌ಗೆ ಮುಟ್ಟಿಸಿದವರಿಗೆ ನೂರು ಬಸ್ಕಿ. ಸ್ಪಾರಿಂಗ್ ಅಂದ್ರೆ ಎದುರಿಗಿರುವುದು ಮನುಷ್ಯನ ಮುಖ, ಬ್ಯಾಗ್ ಹೊಡೆದು ಸತ್ತ ಫೋಮ್ ತಗೊಂಡು ಹೋಗಿ ಅಲ್ಲಿ ಹೊಡೆಯಬಾರದು. ಕೈಪಟ್ಟಿ ಮಾತ್ರ ಎಲ್ಲರಿಗೂ ಸ್ವಂತದ್ದು, ಎರಡೆರಡು ಜೊತೆ. ನನ್ನ ಸ್ನೇಹಿತ ಕೋಚ್ ಒಬ್ಬರು, "ನಾಲ್ಕು ಜೋಡೀಲಿ ಹೆಂಗ್ ನಡೆಸ್ತೀಯಪ್ಪಾ, ವಾಸನೆಗೇ ಹುಡುಗ್ರು ಓಡಿ ಹೋಗ್ತಾರೆ" ಅಂದಿದ್ದರು. ಎರಡೂವರೆ ವರ್ಷ ಆಯಿತು. ಒಬ್ಬರೂ ಓಡಿಲ್ಲ, ಒಂದೂ ಕೈ ಮುರಿದಿಲ್ಲ.

ಬ್ಯಾಗ್ ಗ್ಲೌಸ್ ಕಥೆ ಬೇರೆ. ಅವು ಆ ಹಳೇ ರೆಕ್ಸಿನ್ ಗ್ಲೌಸ್‌ಗಳೇ! ಎಸೆಯಲು ಮನಸ್ಸು ಬರಲಿಲ್ಲ. ಪಿ.ಬಿ. ರಸ್ತೆ ಕಡೆ ಬೈಕ್ ಸೀಟ್ ಹೊಲಿಯುವ ಒಬ್ಬ ಅಣ್ಣನ ಹತ್ತಿರ ಒಯ್ದೆ. ಒಳಗಿನ ಅಸ್ತರಿ ಬಿಚ್ಚಿ, ಹಳೇ ಫೋಮ್ ಕಿತ್ತು ಹೊಸದು ಹಾಕೋಣ ಅಂತ. ಮೊದಲ ಸಲ ಪೂರ್ತಿ ಮೆತ್ತನೆ ಫೋಮ್ ಹಾಕಿದೆವು. ಒಂದೇ ವಾರಕ್ಕೆ ಗೆಣ್ಣು ತಳ ಮುಟ್ಟಿತು. ಎರಡನೇ ಸಲ ಚಪ್ಪಲಿ ಅಡಿಗೆ ಹಾಕುವ ಈವಿಎ ಹಾಳೆ ಹಾಕಿದೆವು. ಮರದ ಹಲಗೆ ಕಟ್ಟಿಕೊಂಡ ಹಾಗಾಯಿತು, ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಮೂರನೇ ಸಲ ಎರಡನ್ನೂ ಪದರಪದರವಾಗಿ ಹಾಕಿದೆವು. ಅಂಟೆಲ್ಲ ಸರಿ ಬಂತು, ಆದ್ರೆ ಚಪ್ಪಟೆ ಇಟ್ಟು ಅಂಟಿಸಿದ್ದರಿಂದ ಮುಷ್ಟಿ ಕಟ್ಟಿದಾಗ ಒಳಗಿನ ಪದರ ಸುಕ್ಕಾಗಿ ಗೆಣ್ಣಿಗೇ ಒತ್ತುತ್ತಿತ್ತು.

ಉಪಾಯ ಹೊಳೆದಿದ್ದು ಅಡುಗೆಮನೆಯಲ್ಲಿ. ತಂಬಿಗೆಯ ಹೊಟ್ಟೆ ನೋಡಿದೆ. ಮುಷ್ಟಿಯ ಬಾಗು ಅದೇ ಅಲ್ವಾ! ತಂಬಿಗೆ ಮೇಲೆ ಒಂದೊಂದೇ ಪದರ ಬಗ್ಗಿಸಿ ಅಂಟಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ತೆಗೆದರೆ ಬಾಗಿದ ಬಾಗು ಹಾಗೇ ನಿಂತಿತ್ತು. ಮನೆಯವಳು ತಂಬಿಗೆ ಕೇಳಿದಳು, ಅಂಟಿನ ವಾಸನೆ ಹೋಗಲಿಲ್ಲ, ಹೊಸದು ತಂದುಕೊಟ್ಟೆ. ಹೊಲಿಗೆ ಕೂಲಿ ಜೋಡಿಗೆ 180, ಫೋಮ್ ನೂರರ ಒಳಗೆ. ವರ್ಷದ ಮೇಲೆ ಬಾಳುತ್ತಿವೆ. ಎಷ್ಟು ಪದರ, ಯಾವುದು ಕೈ ಕಡೆ, ಯಾವುದು ಹೊರಗೆ ಅಂತ ಮಾತ್ರ ಹೇಳಲ್ಲ. ಅದಕ್ಕೆ ನಾನು ಆರು ಜೋಡಿ ಹಾಳು ಮಾಡಿದ್ದೇನೆ, ನೀವೂ ಒಂದೆರಡು ಮಾಡಿ. ಒಂದು ಮಾತು: ಹೀಗೆ ರಿಪೇರಿ ಮಾಡಿದ್ದನ್ನು ಬ್ಯಾಗ್‌ಗೆ ಮಾತ್ರ ಬಳಸಿ. ಇನ್ನೊಬ್ಬರ ಮುಖಕ್ಕೆ ಬೇಡ.

ಈ ನಡುವೆ ಬ್ಯಾಗ್‌ನ ಕಡೆಯೂ ಅನುಮಾನ ಬಂತು. ಬಿಚ್ಚಿ ನೋಡಿದರೆ ಒಳಗಿನ ಮರಳೆಲ್ಲ ತಳಕ್ಕಿಳಿದು ಕಲ್ಲಾಗಿದೆ! ಅಷ್ಟು ದಿನ ಸುಮ್ನೆ ಗ್ಲೌಸನ್ನೇ ಬೈದಿದ್ದೆ. ಮಂಡಕ್ಕಿ ಭಟ್ಟಿ ಕಡೆಯಿಂದ ಎರಡು ಚೀಲ ಭತ್ತದ ಹೊಟ್ಟು ತಂದು ತುಂಬಿದೆ, ಪುಕ್ಕಟೆ ಸಿಕ್ಕಿತ್ತು. ಪ್ರತಿ ಗುದ್ದಿಗೂ ಹೊಲಿಗೆ ಸಂದಿಯಿಂದ ಧೂಳು ಬುಸ್ಸೆನ್ನುತ್ತಿತ್ತು. ಇಡೀ ಬ್ಯಾಚು ಸೀನಿದ್ದೇ ಸೀನಿದ್ದು, ವಸ್ತಾದ್ರು ಪಕ್ಕದಿಂದ ಕೂಗಿ ಬೈದರು. ಕೊನೆಗೆ ಟೈಲರ್ ಅಂಗಡಿಗಳ ಚಿಂದಿ ಬಟ್ಟೆ ಒತ್ತಿ ಒತ್ತಿ ತುಂಬಿದೆ. ತಿಂಗಳಿಗೊಮ್ಮೆ ಬ್ಯಾಗನ್ನು ತಲೆಕೆಳಗು ಮಾಡುತ್ತೇನೆ. ಮಣಿಕಟ್ಟು ನೋವು ಅನ್ನುವ ದೂರು ಅರ್ಧಕ್ಕರ್ಧ ಅಲ್ಲೇ ಹೋಯಿತು.

ಕೈಪಟ್ಟಿಯನ್ನೂ ಮನೆಯಲ್ಲೇ ಮಾಡೋಣ ಅಂತ ಹೊರಟಿದ್ದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು, ಪಟ್ಟಿಗೆ ದುಡ್ಡು ಕೊಡಬೇಕಾ ಅನ್ನುವ ಜಂಬ. ಚೌಕಿಪೇಟೆಯಲ್ಲಿ ಹತ್ತಿ ಬಟ್ಟೆ ತಂದು ಎರಡಿಂಚು ಅಗಲಕ್ಕೆ ಸೀಳಿ ಅಂಚು ಹೊಲಿಸಿದೆ. ಎಳೆದರೆ ಎಳೆಯುವುದಿಲ್ಲ, ಸಡಿಲಾದರೆ ಮತ್ತೆ ಬಿಗಿಯುವುದಿಲ್ಲ, ಅಂಚಿನ ಹೊಲಿಗೆ ಬೆರಳ ಸಂದಿ ಕೊರೆಯುತ್ತದೆ. ಸ್ವಲ್ಪ ಹಿಗ್ಗುವ ಪಟ್ಟಿಯೇ ಸರಿ, 150 ರೂಪಾಯಿಗೆ ಸಿಗುತ್ತದೆ. ಆ ಮನೆಪಟ್ಟಿಗಳು ವ್ಯರ್ಥ ಆಗಲಿಲ್ಲ. ಐದು ಮಡಿಕೆ ಮಡಚಿ ಗೆಣ್ಣಿನ ಮೇಲೆ ಮೆತ್ತೆ ಇಟ್ಟು, ಅದರ ಮೇಲೆ ಸುತ್ತುತ್ತೇವೆ. ಹಳೇ ಗಾಯ ಇರುವ ಆ ಹುಡುಗನಿಗೆ ಹೊರಗಿನ ಎರಡು ಗೆಣ್ಣಿಗೆ ಒಂದು ಮಡಿಕೆ ಜಾಸ್ತಿ.

ಒಣಗಿಸುವ ವಿಷಯ ಬೇಗ ಮುಗಿಸುತ್ತೇನೆ. ಏಪ್ರಿಲ್ ಬಿಸಿಲಿಗೆ ತಾರಸಿ ಮೇಲೆ ಹರವಿ ಒಂದು ಜೋಡಿ ಚರ್ಮ ಹಪ್ಪಳ ಮಾಡಿದ್ದೇನೆ. ಬಿಸಿಲು ಬೇಡ. ಒಳಗೆ ಪೇಪರ್ ತುರುಕಿ, ಬಾಯಿ ಅಗಲಿಸಿ ಫ್ಯಾನ್ ಕೆಳಗೆ ಇಡಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ. ಒಮ್ಮೆ ಕರ್ಪೂರದ ಪುಡಿ ಹಾಕಿದ್ದೆ. ಗ್ಲೌಸ್ ದೇವಸ್ಥಾನದ ಹಾಗೆ ಘಮಘಮ ಅಂತು, ಆದ್ರೆ ಬೆವರಿದ ಕೈ ಕಣ್ಣಿಗೆ ತಾಗಿ ಇಬ್ಬರು ಅರ್ಧಕ್ಕೇ ನಿಲ್ಲಿಸಿದರು. ಈಗ ಬಟ್ಟೆ ಚೀಲದಲ್ಲಿ ಇದ್ದಿಲು ಕಟ್ಟಿ ಇಡುತ್ತೇನೆ.

ಹೋದ ತಿಂಗಳು ಆ ಸ್ನೇಹಿತ ಕೋಚ್ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ, "ಆ ತೂಗೋ ಅಂಗ್ಡಿ ಎಲ್ಲೈತಪ್ಪಾ?" ಅಂದರು. ಹೇಳಿದೆ. ಬರುವಾಗ ಒಂದು ಕೆಜಿಯಾದರೂ ಶೇಂಗಾ ತಗೊಳ್ಳಿ, ಯಜಮಾನ್ರು ಈಗ ಸುಮ್ನೆ ತೂಗಿಕೊಡಲ್ಲ ಅಂತಲೂ ಹೇಳಿದೆ. ಪದರದ ಲೆಕ್ಕ ಕೇಳಿದರು. ಸಿಗ್ನಲ್ ಸರಿಯಿಲ್ಲ ಅಂದೆ.