ಮೇಷ್ಟ್ರು ರಿಟೈರ್ ಆಗ್ತಿದಾರಾ? ಅಭಿನಂದನ ಗ್ರಂಥಕ್ಕೆ ಕೈಹಾಕೋ ಮುಂಚೆ ಇದನ್ನ ಓದಿ

ಮುಂಬೈ ಕನ್ನಡದವರದ್ದೊಂದು ಅಭ್ಯಾಸ, 30 ವರ್ಷ ಪಾಠ ಮಾಡಿದ ಮೇಷ್ಟ್ರು ರಿಟೈರ್ ಆಗ್ತಾರೆ ಅಂದ್ಕೂಡ್ಲೆ ಮಾಟುಂಗಾದಲ್ಲಿ ಮೀಟಿಂಗು, ಕಾಫಿ, ಒಂದು ಸಮಿತಿ, "ಗ್ರಂಥ ತರೋಣ" ಅಂತ ಠರಾವು. ನಾನೂ ಒಂದ್ಸಲ ಇದ್ರಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಬಂದ ಲೇಖನಗಳಲ್ಲಿ ಅರ್ಧಕ್ಕರ್ಧ "ಸರಳ ಸಜ್ಜನಿಕೆಯ ಸಾಕಾರಮೂರ್ತಿ" ಅಂತಾನೇ ಶುರು, ಮೇಷ್ಟ್ರ ಹೆಸರು ತೆಗೆದು ಬೇರೆ ಯಾರದ್ದು ಹಾಕಿದ್ರೂ ನಡೀತಿತ್ತು.

ತಪ್ಪು ಬರೆದವರದ್ದಲ್ಲ, ಕೇಳಿದ ನಮ್ಮದು. "ಸರ್ ಬಗ್ಗೆ ನಾಲ್ಕು ಮಾತು ಬರ್ಕೊಡಿ" ಅಂದ್ರೆ ಹೊಗಳಿಕೆನೇ ಬರೋದು. ಹಾಗೆ ಕೇಳ್ಬೇಡಿ. ಯಾವ ಪದ್ಯ ಪಾಠ ಮಾಡಿದ್ದು ಇನ್ನೂ ನೆನಪಿದೆ, ನಿಮ್ಮ ಥೀಸಿಸ್‌ನ ಮೊದಲ ಅಧ್ಯಾಯ ವಾಪಸ್ ಬಂದಾಗ ಮಾರ್ಜಿನ್‌ನಲ್ಲಿ ಏನು ಬರೆದಿದ್ರು, ಯಾವತ್ತು ಬೈಸ್ಕೊಂಡ್ರಿ, ಹೀಗೆ ಕೇಳಿ. ಡೊಂಬಿವಲಿಯ ಒಬ್ಬ ಅಕ್ಕ ಹಳೇ ಹಸ್ತಪ್ರತಿನೇ ತಂದ್ಕೊಟ್ರು, ಅದ್ರಲ್ಲಿ ಕೆಂಪು ಇಂಕಲ್ಲಿ "ಇದು ನಿನ್ನ ಮಾತೋ, ಎಲ್ಲಿಂದಲೋ ತಂದಿದ್ದೋ?" ಅಂತಿತ್ತು. ಆ ಒಂದು ಪುಟ ಸ್ಕ್ಯಾನ್ ಮಾಡಿ ಹಾಕಿದ್ವಿ, ನನ್ ಪ್ರಕಾರ ಇಡೀ ಪುಸ್ತಕದಲ್ಲಿ ಮೇಷ್ಟ್ರು ಕಾಣ್ಸೋದು ಅಲ್ಲಿ ಮಾತ್ರ.

ಇನ್ನೊಂದು ವಿಷ್ಯ, ಲೇಟ್ ಮಾಡ್ಬೇಡಿ. ವಿ.ಕೃ. ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ್ರು ಅನ್ನೋದು ಅವರ ಪರಿಚಯದಲ್ಲೆಲ್ಲ ಸಿಗುತ್ತೆ, ಆದ್ರೆ ಆ ಬೆಂಚಲ್ಲಿ ಕೂತು ಪಾಠ ಕೇಳಿದವ್ರನ್ನ ಈಗ ಎಲ್ಲಿಂದ ತರ್ತೀರಿ? ರಿಟೈರ್‌ಮೆಂಟಿಗೆ ಎರಡು ವರ್ಷ ಇರುವಾಗ್ಲೇ ಮೊದಲ ಬ್ಯಾಚಿನವ್ರನ್ನ ಹುಡುಕಿ.

ಶಿಷ್ಯರ ಪಟ್ಟಿಗೆ ಶೋಧಗಂಗಾದಲ್ಲಿ (ಪಿಎಚ್‌ಡಿ ಥೀಸಿಸ್‌ಗಳ ವೆಬ್‌ಸೈಟು) ಮಾರ್ಗದರ್ಶಕರ ಹೆಸರು ಹಾಕಿ ನೋಡಿ, ಇಂಗ್ಲಿಷ್ ಸ್ಪೆಲ್ಲಿಂಗ್ ಮೂರ್ನಾಲ್ಕು ಥರ ಹಾಕ್ಬೇಕಾಗುತ್ತೆ. ಹಳೇ ಥೀಸಿಸ್ ಎಲ್ಲಾ ಅಲ್ಲಿರಲ್ಲ, ಅದಕ್ಕೆ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಲೈಬ್ರರಿಗೇ ಹೋಗಿ. ಪ್ರತಿ ಥೀಸಿಸ್‌ನ ಕೃತಜ್ಞತೆ ಪುಟದ ಫೋಟೋ ತಗೊಳ್ಳಿ, ಯಾರ್ ಯಾರಿಗೆ ಪರಿಚಯ ಅಂತ ಅಲ್ಲೇ ಗೊತ್ತಾಗುತ್ತೆ. ಮೇಷ್ಟ್ರ ಮನೆ ಕಪಾಟು ನೋಡೋಕೆ ಅವರ ಹೆಂಡತಿಯ ಪರ್ಮಿಷನ್ ಮೊದ್ಲು ತಗೊಳ್ಳಿ, ದೀಪಾವಳಿ ಕ್ಲೀನಿಂಗಿಗಿಂತ ಮುಂಚೆ, ಇಲ್ಲಾಂದ್ರೆ ನೋಟ್ಸೆಲ್ಲ ರದ್ದಿಗೆ.

ಫಾಂಟ್ ತಲೆನೋವು ಬೇರೆ. ಒಬ್ರು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಒಬ್ರು ಬರಹ ಸಾಫ್ಟ್‌ವೇರಲ್ಲಿ, ಒಬ್ರು ವಾಟ್ಸ್ಯಾಪಲ್ಲಿ ಕೈಬರಹದ ಫೋಟೋ. ಯೂನಿಕೋಡಿಗೆ ಕನ್ವರ್ಟ್ ಮಾಡಿದ್ಮೇಲೆ ಅರ್ಕಾವತ್ತು ಒಂದೊಂದೂ ಚೆಕ್ ಮಾಡಿ, ನಮ್ಮದ್ರಲ್ಲಿ ಕರ್ನಾಟಕ ಹೋಗಿ "ಕನಾಟಕ" ಆಗಿತ್ತು. ಸರ್ಪ್ರೈಸ್ ಕೊಡೋಣ ಅಂತ ಮೇಷ್ಟ್ರಿಗೆ ಪ್ರೂಫ್ ತೋರ್ಸಿರ್ಲಿಲ್ಲ, ಅವ್ರು ವೇದಿಕೆ ಮೇಲೇ ಪೆನ್ ತೆಗ್ದು ತಿದ್ದೋಕೆ ಕೂತ್ರು, ಪಕ್ಕದಲ್ಲಿ ಅತಿಥಿಗಳು ಭಾಷಣ ಮಾಡ್ತಾನೇ ಇದ್ರು. ಪ್ರೂಫ್ ಕೊಟ್ಬಿಡಿ.

ಒಂದು ಫಾರ್ಮಾ ಅಂದ್ರೆ 16 ಪುಟ, 20 ಫಾರ್ಮಾಕ್ಕೆ ಅಂದ್ರೆ 320 ಪುಟಕ್ಕೆ ನಿಲ್ಸಿ, ಅದಕ್ಕಿಂತ ದಪ್ಪ ಇದ್ರೆ ಯಾರೂ ಲೋಕಲ್ ಟ್ರೈನಲ್ಲಿ ಹೊತ್ಕೊಂಡು ಹೋಗಲ್ಲ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರು) ಸರ್ಕಾರ ದುಡ್ಡು ತಗೊಳ್ಳಲ್ಲ, ಆನ್‌ಲೈನ್ ಅರ್ಜಿ ಅಷ್ಟೇ, ಏಜೆಂಟ್ ಬೇಡ. 1954ರ ಕಾಯ್ದೆ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾ, ಚೆನ್ನೈ, ದೆಹಲಿ, ಮುಂಬೈ ನಾಲ್ಕೂ ಕಡೆಯ ಲೈಬ್ರರಿಗೆ ಪ್ರತಿ ಹೋಗ್ಬೇಕು. ಮೂರನ್ನ ಪೋಸ್ಟಿಗೆ ಹಾಕಿ. ಮುಂಬೈದು ಫೋರ್ಟ್‌ನ ಟೌನ್ ಹಾಲಿನ ಸೆಂಟ್ರಲ್ ಲೈಬ್ರರಿ, ಮೆಟ್ಟಿಲು ಜಾಸ್ತಿ ಇದೆ, ಆದ್ರೂ ನೀವೇ ಹೋಗಿ ಕೊಟ್ಟು ರಸೀದಿ ತಗೊಂಡ್ಬನ್ನಿ.